ಕೆಂಪಂಗಿ, ಹಳದಿ ಅಂಗಿ

ವಾದದಲ್ಲಿ ಗೆಲ್ಲುವ ಚಟ ಒಳ್ಳೆಯದಲ್ಲ ಎಂಬುದು ನನಗೆ ಐವತ್ತೈದು ದಾಟಿದ ಮೇಲೆ ತಿಳಿಯಿತು. ಹೆಂಡತಿ ಇದ್ದಾಗ ದಿನವೂ ಸೋಲುತ್ತಿದ್ದೆ, ಸುಖವಾಗಿದ್ದೆ. ಅವಳು ಹೋಗಿ ಎರಡು ವರ್ಷವಾಯಿತು. ಈಗ ರಾಯಚೂರಿನ ಈ ಮನೆಯಲ್ಲಿ ಎಲ್ಲ ಮಾತಿಗೂ ನಾನೇ ಗೆಲ್ಲುತ್ತೇನೆ, ಎದುರಾಡುವವರೇ ಇಲ್ಲ. ಕುಕ್ಕರ್ ಸೀಟಿ ಹೊಡೆದರೆ "ಬಂದೆ ತಡಿ" ಎಂದು ಅದಕ್ಕೇ ಉತ್ತರ ಕೊಡುತ್ತೇನೆ.

ನನಗೆ ಜೀವ ಬರುತ್ತಿದ್ದುದು ಸೋಮವಾರ. ಅಂದು ಮಾನ್ವಿಯಿಂದ ಗೆಳೆಯ ಶರಣಪ್ಪ ಗುಡಿಗೆ ಹೋಗಿ ಬಂದವನೇ ಫೋನ್ ಮಾಡುತ್ತಿದ್ದ. ವಿಷಯ ಒಂದೇ, ಸೈಕಲ್ ರೇಸಿನ ಒಂದು ಇಂಗ್ಲಿಷ್ ಸಿನಿಮಾ. ಎಂಬತ್ತರ ದಶಕದಲ್ಲಿ, ನಾವು ಹೈಸ್ಕೂಲಿನಲ್ಲಿದ್ದಾಗ, ಮಾನ್ವಿಯ ರೈಸ್ ಮಿಲ್ಲಿನ ಸಾಹುಕಾರರು ಭಾನುವಾರ ಗೋದಾಮಿನಲ್ಲಿ ವಿಡಿಯೊ ತೋರಿಸುತ್ತಿದ್ದರು. ಅವರ ಕಟ್ಟಪ್ಪಣೆಯೆಂದರೆ ಮೊದಲು ಶಿವನ ಭಕ್ತಿ ಸಿನಿಮಾ, ಟಿವಿಗೆ ಮಂಗಳಾರತಿ, ಆಮೇಲೆ ಬೇರೆಯದು. ಹೀಗಾಗಿ ಸೈಕಲ್ ರೇಸಿನ ಕೆಂಪಂಗಿ ಹುಡುಗನೂ ಹಳದಿ ಅಂಗಿ ಹುಡುಗನೂ ಕೊನೆಯ ಗೆರೆಯ ಹತ್ತಿರ ಬರುವಾಗ ಸರಿಯಾಗಿ ನಾಲ್ಕಾಗಿ, ಮಿಲ್ಲು ಶುರುವಾಗಿ, ವೋಲ್ಟೇಜ್ ಬಿದ್ದು ಟಿವಿ ಕಣ್ಣು ಮುಚ್ಚುತ್ತಿತ್ತು. ಆ ಸಿನಿಮಾ ಹಾಕಿದ ಮೂರು ಭಾನುವಾರವೂ ಇದೇ ಗತಿ.

"ಒಂದೀಟು ತಡದು ಚಾಲೂ ಮಾಡ್ರೀ ಯಪ್ಪಾ" ಎಂದು ಗೋಗರೆದರೆ, "ನಿಮ್ಮ ಸೈಕಲ್ಲಿಗೆ ಭತ್ತ ಕಾಯ್ತದೇನ್ರಲೇ?" ಎನ್ನುತ್ತಿದ್ದರು.

ಕೆಂಪಂಗಿ ಗೆದ್ದ ಎಂದು ಶರಣಪ್ಪ, ಹಳದಿ ಎಂದು ನಾನು. ನಲವತ್ತು ವರ್ಷ ಜಗಳಾಡಿದೆವು. "ಹೆಂಗದಿ, ಉಂಡ್ಯಾ?" ಎಂದು ಕೇಳಲು ಇಬ್ಬರಿಗೂ ನಾಚಿಕೆ. ಅದನ್ನೆಲ್ಲ ಆ ಎರಡು ಅಂಗಿಗಳ ನೆಪದಲ್ಲೇ ಕೇಳಿಕೊಳ್ಳುತ್ತಿದ್ದೆವು.

ಕಳೆದ ತಿಂಗಳು ಆ ಸಿನಿಮಾ ನನ್ನ ಫೋನಿನಲ್ಲಿ ಸಿಕ್ಕಿತು. ಕೊನೆತನಕ ನೋಡಿದೆ. ಅರ್ಧ ಗಾಲಿಯ ಅಂತರದಿಂದ ಹಳದಿಯೇ ಗೆದ್ದಿದ್ದ! ಸೋಮವಾರದವರೆಗೂ ತಡೆಯಲಾಗದೆ ಶರಣಪ್ಪನಿಗೆ ಕೂಗಿ ಹೇಳಿದೆ.

"ಹೌದೇನು? ಹಂಗಾದ್ರ ನೀ ಹೇಳಿದ್ದಽ ಖರೆ ಬಿಡು" ಎಂದು ಫೋನ್ ಇಟ್ಟ.

ಆ ಸೋಮವಾರ ಫೋನ್ ಬರಲಿಲ್ಲ. ಮುಂದಿನದೂ ಬರಲಿಲ್ಲ. ಅವನಿಗೆ ಸಿಟ್ಟಿರಲಿಲ್ಲ, ಮಾತಾಡಲು ಏನೂ ಉಳಿದಿರಲಿಲ್ಲ ಅಷ್ಟೇ. ಮೂರನೆಯ ಸೋಮವಾರ ಫೋನನ್ನು ಎದುರಿಗಿಟ್ಟುಕೊಂಡು ಕೂತವನಿಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಅಳುವೇ ಬಂತು. ನಾನೇ ಶರಣಪ್ಪನಿಗೆ ಫೋನ್ ಮಾಡಿದೆ.

"ಶರಣ್ಯಾ, ನಾ ನೋಡಿದ್ದು ಬ್ಯಾರೆ ಸಿನಿಮಾಲೇ. ಇದ್ರಾಗ ಹುಡುಗ್ರು ಹೆಲ್ಮೆಟ್ ಹಾಕ್ಯಾರ."

ಶರಣಪ್ಪ ಗುಡುಗಿದ: "ನಂಗ ಗೊತ್ತಿತ್ತು! ನಿನ್ನ ಕಣ್ಣಿಗೇನು ಪೊರಿ ಬಂದದೇನ್ಲೇ? ಕೆಂಪಂಗಿನಽ ಗೆದ್ದಾನಂತ ಈಗರೆ ಒಪ್ಕೋ!"

"ಸತ್ರೂ ಒಪ್ಪಂಗಿಲ್ಲ" ಎಂದೆ. ಅರ್ಧ ಗಂಟೆ ಬೈದ. ಹೊಟ್ಟೆ ತುಂಬಿತು.

ಹಳದಿ ಗೆದ್ದ ಗುಟ್ಟನ್ನು ಈಗ ಕುಕ್ಕರಿಗೆ ಮಾತ್ರ ಹೇಳಿದ್ದೇನೆ. ಎಂದಿನಂತೆಯೇ, ಅದು ಎದುರಾಡಲಿಲ್ಲ.