ಮೊದಲು ಬಂದದ್ದು ಸ್ಟೇರಿಂಗ್

ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಫಿಟ್ಟರ್ ಆಗಿದ್ದ ಮುತ್ತಪ್ಪನ ಫಜೀತಿಯೆಲ್ಲ ಒಂದು ಬ್ರೇಕ್ ಪೆಡಲಿನಿಂದ ಶುರುವಾಯಿತು. ಅದೂ ರಸ್ತೆಯ ಮೇಲೆ ಓಡುವ ಗಾಡಿಯದಲ್ಲ, ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಆಡುವ ಕಾರ್ ರೇಸಿನದು.

ಮೂವತ್ತಾರರ ಈ ಗೃಹಸ್ಥ ಹೆಂಡತಿ ಪ್ರಮಿಳಾಳ ಹೊಲಿಗೆ ಮೇಜಿಗೆ ಅಗ್ಗದ ಸ್ಟೇರಿಂಗ್ ಬಿಗಿದು, ಪೆಡಲು ಜಾರದಂತೆ ರುಬ್ಬುಗುಂಡನ್ನು ಅಡ್ಡ ಇಟ್ಟು ಎರಡು ವರ್ಷ ಓಡಿಸಿದ್ದ. ಮೇಜಿನ ಕಾಲು ಸಡಿಲಾಗಿ ಅವಳು ಕೂಗಾಡಿದಾಗ, ಮಾಲೀಕರನ್ನು ಕೇಳಿ ಗುಜರಿ ಕಬ್ಬಿಣ ತಂದು ತಾನೇ ಸ್ಟ್ಯಾಂಡ್ ವೆಲ್ಡ್ ಮಾಡಿಕೊಂಡ. ಎಮ್ಮೆ ಕಟ್ಟಿದರೂ ಅಲುಗಾಡದಂಥ ಸ್ಟ್ಯಾಂಡ್. ಆದರೂ ಭಾನುವಾರದ ಆನ್‌ಲೈನ್ ರೇಸಿನಲ್ಲಿ ಅವನು ಯಾವಾಗಲೂ ಹನ್ನೊಂದನೆಯವನು. ಮೇಲಿನ ಗುಂಪಿಗೆ ಹೋಗುವವರು ಮೊದಲ ಹತ್ತು ಜನ ಮಾತ್ರ.

"ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಮೊದಲು ಬ್ರೇಕ್ ನೋಡಿಕೊಳ್ಳಿ, ಸ್ಟೇರಿಂಗ್ ಆಮೇಲೆ" ಎಂದು ವಿಡಿಯೊ ಪಂಡಿತರೆಲ್ಲ ಒಂದೇ ಬಾಯಿಯಲ್ಲಿ ಹೇಳಿದ್ದರು. ಈ ಭಾನುವಾರ ಸಂಜೆ ಐದಕ್ಕೆ ವರ್ಷದ ಕೊನೆಯ ರೇಸು. ಇವತ್ತು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಪ್ರಮಿಳಾ ಬೆಳಿಗ್ಗೆಯೇ ಸ್ಕೂಟರ್ ತೆಗೆದುಕೊಂಡು ಸಾಂಬ್ರಾದ ತವರುಮನೆಗೆ ಹೋಗಿದ್ದಳು. ಮುತ್ತಪ್ಪ ಬಸ್ ಹಿಡಿದು ಖಾನಾಪುರಕ್ಕೆ ಹೋದ. ಅಲ್ಲಿ ಸನ್ಮತಿ ಎಂಬ ಔಷಧದ ಅಂಗಡಿಯವನು ತನ್ನ ಹಳೆಯ ಪೆಡಲು ಮಾರಲಿಕ್ಕಿಟ್ಟಿದ್ದ.

"ಬರೇ ಪೆಡಲ್ ಸಾಕ್ರಿ ನನಗ."

"ಜೋಡಿ ಬಿಡಸಂಗಿಲ್ರಿ. ಸ್ಟೇರಿಂಗೂ ತಗೊಂಡ್ ಹೋಗ್ರಿ. ರೇಟ್ ಅಷ್ಟ ಇರ್ಲಿ."

"ಇಷ್ಟ ಸೋವಿ ಯಾಕ್ರಿ? ಏನರ ಕೆಟ್ಟೈತೇನು?"

"ಏನೂ ಕೆಟ್ಟಿಲ್ರಿ. ಮುಂದಿನ ವಾರ ನನ್ನ ಲಗ್ನ ಐತಿ. ಅಕಿ ಒಳಗ ಬರೂದ್ರಾಗ ಇದು ಹೊರಗ ಹೋಗಬೇಕಂತ ಹುಕುಂ ಆಗೇತಿ."

ಪೆಡಲು ಚೀಲದಲ್ಲಿ ಹಿಡಿಸಿತು, ಸ್ಟೇರಿಂಗ್ ಹಿಡಿಸಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕುಳಿತವನನ್ನು ಕಂಡು ಬಸ್ಸಿನ ಕಂಡಕ್ಟರ್, "ಮುಂದ ಡ್ರೈವರ್ ಅದಾನ್ರಿ, ನೀವು ಸುಮ್ಮ ಕುಂದರ್ರಿ" ಎಂದ.

ಓಣಿಯ ತಿರುವಿನಲ್ಲಿ ಬಾಜೂ ಮನೆಯ ಸಾವಂತ್ರವ್ವ ಎದುರಾದಳು.

"ಏನೋ ಮುತ್ತಪ್ಪಾ, ಸ್ಟೇರಿಂಗ್ ಹಿಡ್ಕೊಂಡ್ ಬಂದಿ? ಕಾರ್ ತಗೊಂಡೇನು?"

ಆಟದ ಸಾಮಾನು ಎಂದರೆ ನಾಳೆ ಇಡೀ ಓಣಿ ತನ್ನನ್ನು ತೊಟ್ಟಿಲಿಗೆ ಹಾಕಿ ತೂಗುತ್ತದೆ. ನಾಚಿಕೆಯಲ್ಲಿ ಮುತ್ತಪ್ಪ, "ಹೂಂ ಚಿಗವ್ವಾ" ಎಂದುಬಿಟ್ಟ.

"ಉಳದಿದ್ದು ಎಲ್ಲೈತಿ?"

"ಸಂಜಿಮುಂದ ಬರ್ತೈತಿ."

"ಮೊದಲ ಸ್ಟೇರಿಂಗ್ ಕೊಡ್ತಾರೇನು?"

"ಈಗ ಹಂಗ ಐತಿ ಚಿಗವ್ವಾ. ಕಳ್ಳರು ಹೊಡಕೊಂಡು ಹೋಗಬಾರದಂತ."

ಅವನ ಸುಳ್ಳಿಗೆ ಅಲ್ಲೇ ನಾಲ್ಕು ಗಾಲಿ ಬಂದವು. ಮನೆಗೆ ಬಂದು ಸ್ಟೇರಿಂಗ್, ಪೆಡಲು ಎಲ್ಲ ಜೋಡಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಸಾವಂತ್ರವ್ವ ನಾಲ್ಕು ಹೆಂಗಸರೊಂದಿಗೆ ಆರತಿ ತಟ್ಟೆ, ತೆಂಗಿನಕಾಯಿ, ಲಿಂಬೆಹಣ್ಣು ಹಿಡಿದು ಒಳಗೇ ಬಂದಳು.

"ಗಾಡಿ ಬಂದಮ್ಯಾಲ ಪೂಜಿ ಮಾಡೂಣಲ್ಲ ಚಿಗವ್ವಾ."

"ನಾಳೆ ನಾ ಊರಿಗೆ ಹೊಂಟೇನಿ. ಬಂದಷ್ಟಕ್ಕ ಇವತ್ತ ಪೂಜಿ ಆಗ್ಲಿ. ಅಲ್ಲೋ, ಗಾಲಿ ಇಲ್ಲಲ್ಲ, ಲಿಂಬಿಹಣ್ಣ ಎಲ್ಲಿ ಇಡ್ಲಿ?"

ಮುತ್ತಪ್ಪನಿಗೆ ಅದು ಕೇಳಿಸಲೇ ಇಲ್ಲ. ತೆಂಗಿನಕಾಯಿಯ ನೀರು ವೈರಿಗೆ ಸಿಡಿಯದಂತೆ ಟವೆಲ್ ಹಿಡಿದು ಅಡ್ಡ ನಿಂತಿದ್ದ. ಎಲ್ಲರನ್ನೂ ಕೈಮುಗಿದು ಹೊರಗೆ ಕಳಿಸಿದಾಗ ಐದಕ್ಕೆ ಎರಡೇ ನಿಮಿಷವಿತ್ತು.

ರೇಸು ಶುರುವಾಯಿತು. ಮೊದಲ ನೇರ ಹಾದಿಯಲ್ಲೇ ಮೂವರನ್ನು ಹಿಂದೆ ಹಾಕಿ ಮುತ್ತಪ್ಪ ಒಂಬತ್ತನೆಯವನಾದ! ಎರಡು ವರ್ಷದಲ್ಲಿ ಇಂಥ ಸುಖವನ್ನು ಅವನು ಕಂಡಿರಲಿಲ್ಲ. ತಿರುವು ಬಂತು. ಹೊಸ ಬ್ರೇಕಿನ ಮೇಲೆ ಮನಸಾರೆ ಕಾಲಿಟ್ಟ. ಬ್ರೇಕು ಒಳಗೆ ಹೋಗಲಿಲ್ಲ. ಅವನ ಕಾರು ಇನ್ನಿಬ್ಬರನ್ನು ಕರೆದುಕೊಂಡು ಹೋಗಿ ಗೋಡೆಗೆ ಬಡಿದು ಅಂಗಾತ ಬಿತ್ತು. ಇಪ್ಪತ್ತು ಜನರಲ್ಲಿ ಅವನು ಇಪ್ಪತ್ತನೆಯವನು.

ಬಗ್ಗಿ ನೋಡಿದರೆ ಪೆಡಲಿನ ತಳದಲ್ಲಿ ಅರಿಷಿಣ ಕುಂಕುಮ ಹಚ್ಚಿಕೊಂಡ ಲಿಂಬೆಹಣ್ಣು, ಅರ್ಧ ಹಿಂಡಿಸಿಕೊಂಡರೂ ಜಾಗ ಬಿಡದೆ ಕುಳಿತಿತ್ತು.

ಅದನ್ನು ಕಿತ್ತು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಪ್ರಮಿಳಾ ಪೇಢೆಯ ಡಬ್ಬಿ ಹಿಡಿದು ಓಡೋಡಿ ಬಂದಳು.

"ಎಲ್ಲೈತ್ರಿ ಕಾರು? ಸಾವಂತ್ರವ್ವ ಮಧ್ಯಾಹ್ನನ ಫೋನ್ ಮಾಡಿದ್ಲು!"

ಅವಳ ಮುಖದಲ್ಲಿದ್ದ ಸಂತೋಷ ನೋಡಿ ಮುತ್ತಪ್ಪನಿಗೆ ಭೂಮಿಗಿಳಿದು ಹೋಗಬೇಕೆನಿಸಿತು. ಪರದೆಯ ಕಡೆ ಬೆರಳು ತೋರಿಸಿದ. ಅಂಗಾತ ಬಿದ್ದ ಕಾರಿನ ಗಾಲಿಗಳು ಇನ್ನೂ ತಿರುಗುತ್ತಿದ್ದವು. ಪ್ರಮಿಳಾ ಅದನ್ನು ನೋಡಿದಳು, ಸ್ಟೇರಿಂಗ್ ನೋಡಿದಳು, ಗಂಡನ ಕೈಯಲ್ಲಿದ್ದ ಲಿಂಬೆಹಣ್ಣು ನೋಡಿ ಕುರ್ಚಿಯ ಮೇಲೆ ಕುಸಿದಳು.

"ಆಮ್ಯಾಲ ಬೈಯಂತಿ," ಎಂದು ಮುತ್ತಪ್ಪ ಅಲ್ಲಿಂದ ಪಾರಾಗಲು ನೋಡಿದ. "ಸ್ಕೂಟರ್ ಕೀಲಿ ಕೊಡು, ಒಂದೀಟು ಹೊರಗ ಹೋಗಿ ಬರ್ತೇನಿ."

"ನಾ ಬಸ್ಸಿಗೆ ಬಂದ್ನಿ. ಕಾರ್ ಬಂತಲ್ಲ, ಇನ್ಯಾಕಂತ ಸ್ಕೂಟರ್ ನಮ್ಮ ರೋಹನಗ ಕೊಟ್ನಿ."

"ನಿನ್ನ ತಮ್ಮಗ? ತಿರುಗಿ ಇಸ್ಕೋ!"

"ಹೆಂಗ ಇಸ್ಕೊಳ್ಳಿ? ನಮ್ಮವ್ವ ಆಗಲೇ ಪೂಜಿ ಮಾಡಿ, ಗಾಲಿ ತಳಗ ಲಿಂಬಿಹಣ್ಣ ಇಟ್ಟು, ಹಾಯಿಸಿ ಬಿಟ್ಟಾಳ."

ಸೋಮವಾರ ಬೆಳಿಗ್ಗೆ ಮುತ್ತಪ್ಪ ಊಟದ ಡಬ್ಬಿ ಹಿಡಿದು ಉದ್ಯಮಬಾಗದ ಬಸ್ಸಿಗೆ ಕಾಯುತ್ತಿದ್ದ. ಊರಿಗೆ ಹೊರಟ ಸಾವಂತ್ರವ್ವ ಗಂಟು ಹೊತ್ತು ಪಕ್ಕದಲ್ಲೇ ಬಂದು ನಿಂತಳು.

"ಯಾಕೋ, ಕಾರ್ ಬಿಟ್ಟು ಬಸ್ಸಿಗೆ ನಿಂತಿ?"

"ಬ್ರೇಕ್ ಹತ್ತಂಗಿಲ್ಲ ಚಿಗವ್ವಾ."

"ನೋಡಪಾ," ಎಂದಳು ಸಾವಂತ್ರವ್ವ ಗಂಟು ಇಳಿಸುತ್ತ. "ಗಾಡಿ ತಗೊಳ್ಳಾಕ ಹೋದವ್ರು ಮೊದಲ ಬ್ರೇಕ್ ನೋಡ್ಕೋಬೇಕು. ಸ್ಟೇರಿಂಗ್ ಆಮ್ಯಾಲ."