ಮಕ್ತಲಿಗೆ ಕಂಪ್ಯೂಟರ್ ತಂದವರು

ಗೆದ್ದೆತ್ತಿನ ಬಾಲ ಹಿಡಿಯಲು ಊರೆಲ್ಲ ಓಡುತ್ತದೆ. ಅದೇ ಎತ್ತು ಮತ್ತೊಬ್ಬರ ಹೊಲಕ್ಕೆ ಬಾಯಿ ಹಾಕಿದ ದಿನ ಮಾತ್ರ ಅದು ಯಾರದೆಂದು ಯಾರಿಗೂ ಗೊತ್ತಿರುವುದಿಲ್ಲ. ಕಂಪ್ಯೂಟರು ಮನೆಮನೆಗೆ ಬಂದ ಕೀರ್ತಿ ಯಾರಿಗೆ ಸಲ್ಲಬೇಕೆಂದು ದೊಡ್ಡ ದೇಶಗಳಲ್ಲಿ ಇನ್ನೂ ವಾದ ನಡೆದಿದೆಯಂತೆ. ಒಳಗಿನ ಚಿಪ್ ಮಾಡಿದವನಿಗೋ, ಅದನ್ನು ಡಬ್ಬಿಯಲ್ಲಿ ಕೂಡಿಸಿ ಮೇಜಿನ ಮೇಲಿಟ್ಟವನಿಗೋ, ಆ ಡಬ್ಬಿಗೆ ಬುದ್ಧಿ ಬರೆದುಕೊಟ್ಟವನಿಗೋ, ಅಗ್ಗಕ್ಕೆ ಮಾರಿದವನಿಗೋ? ಅವರವರು ಬಗೆಹರಿಸಿಕೊಳ್ಳಲಿ. ನನ್ನ ಪಾಲಿಗೆ ಬಂದದ್ದು ಆ ವಾದದ ಒಂದು ಚೂರು: ಕನ್ನಡ-ತೆಲುಗು ಗಡಿಯ ನಮ್ಮ ಮಕ್ತಲಿಗೆ ಮೊದಲ ಕಂಪ್ಯೂಟರ್ ತಂದವರು ಯಾರು? ಅಷ್ಟು ಚೂರೇ ನನ್ನ ಮನೆಯ ನೆಮ್ಮದಿಯನ್ನು ವರ್ಷಗಟ್ಟಲೆ ತಿಂದಿತು.

ವಾದಿಗಳು ಇಬ್ಬರು. ಒಬ್ಬ ನಾರಾಯಣಪೇಟೆಯ ಸೀರೆ ವ್ಯಾಪಾರಿ ಶರಣಪ್ಪ, ನನ್ನ ಹೆಂಡತಿ ಮಹಾದೇವಿಯ ಅಣ್ಣ. ಇನ್ನೊಬ್ಬ ಗದ್ವಾಲದಲ್ಲಿ ಟೈಪಿಂಗ್ ಕಲಿಸುತ್ತಿದ್ದ ನರಸಿಂಹುಲು, ನನ್ನ ಹಳೆಯ ಗೆಳೆಯ. ಇಬ್ಬರಿಗೂ ಪರಿಚಯ ಮಾಡಿಸಿದ ಪಾಪ ನನ್ನದು. ಮಕ್ತಲು ಇಬ್ಬರ ಊರಿಗೂ ನಡುವೆ ಇದೆ, ಅಲ್ಲಿ ಕನ್ನಡ ಶಾಲೆಯ ಮೇಷ್ಟ್ರಾಗಿದ್ದ ನಾನೂ ಅವರಿಬ್ಬರ ನಡುವೆ ಇದ್ದೆ. ಹೀಗಾಗಿ ಇಬ್ಬರೂ ಕೂಡಿ ಮಕ್ತಲಿನಲ್ಲೇ ಕಂಪ್ಯೂಟರ್ ಕೇಂದ್ರ ತೆರೆದರು. ಮೂವರೂ ಹೈದರಾಬಾದಿಗೆ ಹೋದೆವು. ಅಂಗಡಿಯಲ್ಲಿ ನಿಂತು "ಇದು" ಎಂದು ಬೆರಳು ತೋರಿಸಿದವನು ನರಸಿಂಹುಲು, "ಕಟ್ಟಿಕೊಡ್ರಿ" ಎಂದವನು ಶರಣಪ್ಪ. ಕೇಂದ್ರ ಚೆನ್ನಾಗಿ ನಡೆದಷ್ಟು ದಿನ ಕೆಟ್ಟದ್ದೇನೂ ಆಗಲಿಲ್ಲ. ತೀರಾ ಚೆನ್ನಾಗಿ ನಡೆಯತೊಡಗಿದ ಮೇಲೆ ಊರವರು ಒಂದು ಸನ್ಮಾನ ಇಟ್ಟುಕೊಂಡರು. ವೇದಿಕೆಯ ಮೇಲೆ ಖಾಲಿ ಇದ್ದದ್ದು ಒಂದೇ ಕುರ್ಚಿ. ಇಬ್ಬರೂ ಒಟ್ಟಿಗೇ ಅದರತ್ತ ನಡೆದರು. ಅಂದಿನಿಂದ ಮಾತು ನಿಂತಿತು.

ಆಮೇಲೆ ನಾರಾಯಣಪೇಟೆಯಲ್ಲೊಂದು, ಗದ್ವಾಲದಲ್ಲೊಂದು ಬೋರ್ಡು ಎದ್ದವು. ಎರಡರ ಮೇಲೂ ಒಂದೇ ಮಾತು: ಈ ಭಾಗಕ್ಕೆ ಮೊದಲ ಕಂಪ್ಯೂಟರ್ ತಂದವರು. ನಾನು ಗದ್ವಾಲದ ಬಸ್ಸು ಹತ್ತಿದರೆ ಮಹಾದೇವಿ ಆ ರಾತ್ರಿ ಸಾರಿಗೆ ಉಪ್ಪು ಹಾಕುತ್ತಿರಲಿಲ್ಲ. ನಾರಾಯಣಪೇಟೆಗೆ ಹೋಗಿಬಂದರೆ ನರಸಿಂಹುಲು ಫೋನಿನಲ್ಲಿ, "ಏಂ ಸಾರೂ, ಮಾವನಮನಿ ಹೋಳಿಗಿ ಅರಗಿತೇನು?" ಎಂದು ಕೇಳುತ್ತಿದ್ದ. ಸಪ್ಪೆ ಸಾರು ಮತ್ತು ಖಾರದ ಮಾತುಗಳ ನಡುವೆ ನಾನು ಮುದುಕನಾದೆ.

ಶರಣಪ್ಪನ ಎದುರುಮನೆಯ ಮಾಣಿಕಪ್ಪ ಅವನ ಅಂಗಡಿಗೆ ಸೀರೆ ನೇಯುತ್ತಿದ್ದ. ಅವನ ಕೈಯ ಚೌಕಳಿ ಸೀರೆ, ಅದರ ಗುಡಿ ಅಂಚು ಎಂದರೆ ಹೆಣ್ಣುಮಕ್ಕಳು ಬೇರೆ ಗಂಟು ಬಿಚ್ಚಿಸುತ್ತಿರಲಿಲ್ಲ. ಶರಣಪ್ಪ ಆ ಅಂಚುಗಳ ಚಿತ್ರಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ದೂರದ ವ್ಯಾಪಾರಿಗಳಿಗೆ ಕಳಿಸಿದ. ಬೇಡಿಕೆ ಬರುತ್ತದೆ ಎಂದುಕೊಂಡಿದ್ದ. ಬಂದದ್ದು ಸೀರೆಗಳೇ. ಎಲ್ಲಿಯದೋ ಪವರ್‌ಲೂಮಿನಲ್ಲಿ ಅದೇ ಚೌಕಳಿ, ಅದೇ ಅಂಚು ತಯಾರಾಗಿ, ಅರ್ಧಕ್ಕಿಂತ ಕಡಿಮೆ ಬೆಲೆಗೆ ನಮ್ಮ ಸಂತೆಯಲ್ಲೇ ಗುಡ್ಡೆ ಬಿದ್ದವು. ಓಣಿಯ ಮಗ್ಗಗಳು ಒಂದೊಂದೇ ನಿಂತವು. ಮಾಣಿಕಪ್ಪ ಹತ್ತಿಯ ಮಿಲ್ಲಿಗೆ ಕಾವಲು ಹೋಗತೊಡಗಿದ. ಒಂದು ಮುಂಜಾನೆ ಅವನು ಆ ಬೋರ್ಡಿನ ಕೆಳಗೆ ನಿಂತು ಓದಿದ. ಓದಿ ಮಿಲ್ಲಿನ ದಾರಿ ಹಿಡಿದ. ಅದೇ ಸಂಜೆ ಶರಣಪ್ಪ ಏಣಿ ಹತ್ತಿ ತನ್ನ ಕೈಯಿಂದಲೇ ಬೋರ್ಡಿಗೆ ಸುಣ್ಣ ಬಳಿದ.

ಅಲ್ಲಿಂದ ವಾದ ತಿರುಗಿತು. "ನಾ ತಂದಿಲ್ಲರೀ, ತಂದವ ಆ ಗದ್ವಾಲದವ," ಎಂದು ಶರಣಪ್ಪ. "ನಾಕೇಂ ಸಂಬಂಧಂ ಲೇದು! ನಾ ಬರೇ ಬಟ್ಟು ತೋರಿಸಿದವ, ತಂದವ ನಿಮ್ಮ ಭಾವ," ಎಂದು ನರಸಿಂಹುಲು. ಗದ್ವಾಲದಲ್ಲೂ ನೇಕಾರರಿದ್ದಾರೆ, ಅಲ್ಲಿಯ ಬೋರ್ಡೂ ಇಳಿದಿತ್ತು. ಮೊದಲು ಕೀರ್ತಿ ನನ್ನದು ಎಂದು ಇಬ್ಬರೂ ನನ್ನ ತಲೆ ತಿಂದರು, ಈಗ ನನ್ನದಲ್ಲ ಎಂದು ತಿನ್ನತೊಡಗಿದರು. ತಲೆಗೆ ಏನೂ ವ್ಯತ್ಯಾಸವಾಗಲಿಲ್ಲ.

ಕಳೆದ ವರ್ಷ ಶರಣಪ್ಪನ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಹೈದರಾಬಾದಿನ ಡಾಕ್ಟರು ಮನೆಗೆ ಕರೆದೊಯ್ಯಿರಿ ಎಂದರು. ಅದರ ಅರ್ಥ ಎಲ್ಲರಿಗೂ ಗೊತ್ತಾಯಿತು, ಅವನಿಗೂ. ಒಂದು ದಿನ ನನ್ನ ಕೈ ಹಿಡಿದು, "ನರಸಿಂಹುಲುನ್ನ ಕರ್ಕೊಂಡು ಬರ್ರಿ," ಎಂದ. ನಾನು ಜೂರಾಲ ಅಣೆಕಟ್ಟಿನ ಮೇಲಿನ ದಾರಿ ಹಿಡಿದು ಗದ್ವಾಲಕ್ಕೆ ಹೋದೆ. ಒಲ್ಲೆ ಎನ್ನುತ್ತಾನೆಂದು ದಾರಿಯುದ್ದಕ್ಕೂ ಭಾಷಣ ಕೂಡಿಹಾಕಿಕೊಂಡಿದ್ದೆ. ನರಸಿಂಹುಲು ಒಂದು ಮಾತೂ ಕೇಳದೆ ಚಪ್ಪಲಿ ಮೆಟ್ಟಿ ಹೊರಟುಬಂದ. ಭಾಷಣ ನನ್ನಲ್ಲೇ ಉಳಿಯಿತು.

ಹಾಸಿಗೆಯ ಮೇಲಿನ ಶರಣಪ್ಪ ಅವನನ್ನು ಹತ್ತಿರ ಕರೆದ. "ನಿನ್ನಿಂದ ಒಂದು ಕೆಲಸ ಐತೋ. ಮಾಣಿಕಪ್ಪ ದಿನಾ ಈ ಕಿಟಕಿ ಮುಂದ ಹಾದು ಹೋಗ್ತಾನ. ಈ ಕಡೆ ಹೊಳ್ಳಿ ನೋಡಂಗಿಲ್ಲ. ಅವನ ಮನಿಗೆ ಹೋಗಿ, ಕಂಪ್ಯೂಟರ್ ತಂದವ ನಾನು, ಶರಣಪ್ಪ ಅಲ್ಲ ಅಂತ ಹೇಳಿ ಬಾ. ನಾ ಹೋಗೋದ್ರೊಳಗ ಅವ ಒಮ್ಮೆ ಬಂದು ಕುಂತ್ರ ಸಾಕು."

"ಸುಳ್ಳು ಹೇಳಾಕ ಕರಸಿದೇನು?"

"ಬೋರ್ಡಿನ ಮ್ಯಾಲೆ ಬರಸಿದ್ದಿಯಲ್ಲ, ಆವಾಗ ಖರೆ ಇತ್ತೇನು?"

ನನಗೆ ನಗು ಬಂತು. ಬಾಗಿಲಲ್ಲಿ ನಿಂತಿದ್ದ ಮಹಾದೇವಿಯ ಮುಖ ಕಂಡು ಅದನ್ನು ಕೆಮ್ಮಾಗಿ ಬದಲಾಯಿಸಿದೆ. ನರಸಿಂಹುಲು ಎದ್ದು ಓಣಿ ದಾಟಿದ. ನಾನೂ ಹಿಂದೆ ಹೋದೆ.

ಮಾಣಿಕಪ್ಪನ ಮನೆಯಲ್ಲಿ ಮಗ್ಗದ ಗುಂಡಿಗೆ ಹಲಗೆ ಮುಚ್ಚಿ, ಅದರ ಮೇಲೆ ಗ್ಯಾಸ್ ಸಿಲಿಂಡರ್ ಇಟ್ಟಿದ್ದರು. ನರಸಿಂಹುಲು ನಿಂತೇ ಹೇಳಿದ, "ಅಣ್ಣಾ, ಅದನ್ನ ತಂದವ ನಾನು. ಶರಣಪ್ಪಂದು ಏನೂ ತಪ್ಪಿಲ್ಲ."

ಮಾಣಿಕಪ್ಪನಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ನಿಧಾನವಾಗಿ ಅಂದ, "ಯಾರು ತಂದ್ರ ಏನರೀ? ನೀವು ತರದಿದ್ರ ಮತ್ತೊಬ್ಬ ತರ್ತಿದ್ದ. ನನ್ನ ಸಿಟ್ಟು ಅದರ ಮ್ಯಾಲಲ್ಲ. ಮಗ್ಗ ನಿಂತು ಇಷ್ಟು ವರ್ಷ ಆತು. ಎದುರಿಗೇ ಮನಿ. ಹೆಂಗದಿಯೋ ಮಾಣಿಕ ಅಂತ ಕೇಳಾಕ ಅವ ಒಮ್ಮೆನೂ ಬರಲಿಲ್ಲ."

ಇಷ್ಟು ಹೇಳಿ ಮಾಣಿಕಪ್ಪ ಗೂಟದ ಮೇಲಿನ ಅಂಗಿ ತೊಟ್ಟುಕೊಂಡು, ನಮಗಿಂತ ಮುಂದೆ ಓಣಿ ದಾಟಿ, ಶರಣಪ್ಪನ ಹಾಸಿಗೆಯ ಅಂಚಿಗೆ ಕುಳಿತ. ಶರಣಪ್ಪ ಅವನತ್ತ ಹೊರಳಿ, "ಹೆಂಗದಿ ಮಾಣಿಕಾ?" ಎಂದು ಕೇಳಿದ. "ಅದೀನಿ," ಎಂದ ಮಾಣಿಕಪ್ಪ. ಆ ವಾರವೇ ಶರಣಪ್ಪ ತೀರಿಕೊಂಡ. ಮಣ್ಣಿಗೆ ಹೋಗುವಾಗ ಒಂದು ಬದಿಗೆ ಮಾಣಿಕಪ್ಪ, ಮತ್ತೊಂದು ಬದಿಗೆ ನರಸಿಂಹುಲು ಹೆಗಲು ಕೊಟ್ಟರು. ಮಹಾದೇವಿ ಅಂದು ನರಸಿಂಹುಲುವಿನ ಎಲೆಗೆ ತಾನೇ ಅನ್ನ ಬಡಿಸಿದಳು.

ಇಲ್ಲಿಗೆ ಮುಗಿಯಬೇಕಿತ್ತು. ಈಚೆಗೆ ಮಕ್ತಲಿನ ಕಂಪ್ಯೂಟರ್ ಅಂಗಡಿಗಳವರು ಒಂದು ಸಂಘ ಮಾಡಿಕೊಂಡು, ಊರಿಗೆ ಕಂಪ್ಯೂಟರ್ ತಂದವರಿಗೆ ಶಾಲು ಹೊದಿಸುತ್ತೇವೆ ಎಂದು ನರಸಿಂಹುಲುವಿನ ಮನೆಗೆ ಹೋದರಂತೆ. ಅವನು ಕೈಮುಗಿದು, "ನಾ ಅಲ್ಲ, ಸತ್ತವನೂ ಅಲ್ಲ. ಆವತ್ತು ಬಸ್ಸಿನಾಗ ಆ ಟಿವಿಯಂಥಾದ್ದನ್ನ ತೊಡಿ ಮ್ಯಾಲೆ ಇಟ್ಕೊಂಡು ಕುಂತು ಬಂದವ ನಿಮ್ಮ ಮೇಷ್ಟ್ರು. ತಂದವ ಅವನೇ," ಎಂದನಂತೆ. ಅವರು ಸೀದಾ ನಮ್ಮ ಮನೆಗೆ ಬಂದರು. ಒಲ್ಲೆ ಎನ್ನಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. "ಎಷ್ಟು ಗಂಟೆಗೆ?" ಎಂದು ಕೇಳಿದೆ.

ಶಾಲು ಹೊದ್ದು ಮನೆಗೆ ಬಂದಾಗ ಮಹಾದೇವಿ ಕಣ್ಣೆತ್ತದೆ ಅಂದಳು, "ನಮ್ಮಣ್ಣ ಯಾವುದನ್ನ ಬ್ಯಾಡ ಬ್ಯಾಡ ಅಂತ ಸತ್ನೋ, ಅದನ್ನ ಹೊದ್ಕೊಂಡು ಬಂದೀರಿ. ಆ ಫೋಟೋ ಎಲ್ಲಾರ ಫೋನಿಗೂ ಬಂದೈತಿ. ಹಲ್ಲು ಬ್ಯಾರೆ ತೆಗದೀರಿ. ಮೊದಲು ಅದನ್ನ ಅಳಸ್ರಿ." ಅಳಿಸಲು ನನಗೂ ಮನಸ್ಸಿದೆ. ಆದರೆ ಅದನ್ನು ಹೇಗೆ ಮಾಡುವುದೆಂದು ಯಾರನ್ನು ಕೇಳಲಿ? ಮಕ್ತಲಿಗೆ ಕಂಪ್ಯೂಟರ್ ತಂದವನಿಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಈಗ ಯಾವ ಬಾಯಿಂದ ಹೇಳಲಿ?