ಲಾಭ ಎಂಬುವವರಿಂದ ಒಂದನೇ ಸೀಟು ಬಿಡಿಸಿಕೊಡುವ ಬಗ್ಗೆ

ಇಂದ:
ರಾಧಾಮಣಿ, ಬಿ.ಸಿ.ಎ. ಅಂತಿಮ ವರ್ಷ, ಮರಳವಾಡಿ (ಮುಂದಕ್ಕೆ ‘ಅರ್ಜಿದಾರಳು’)

ಗೆ:
ಬದ್ರುನ್ನೀಸಾ ಮೇಡಂ, ಪ್ರವಾಸದ ಉಸ್ತುವಾರಿ, ಕನಕಪುರ

ವಿಷಯ: ಮೇಕೆದಾಟು ಬಸ್ಸಿನಲ್ಲಿ ಇಲ್ಲದ ಹುಡುಗಿಗೆ ಸಿಕ್ಕ ಸೀಟನ್ನು ಇರುವ ಹುಡುಗಿಗೆ ಕೊಡುವ ಕುರಿತು.

ಉಲ್ಲೇಖ: ಕಾಲೇಜು ವೆಬ್‌ಸೈಟಿನ ಪ್ರವಾಸಿಗರ ಪಟ್ಟಿ, ದಿ. 9-2-2009, ಮೊಹರು ಸಹಿತ.

ಮಾನ್ಯರೇ,

1. ಸದರಿ ವೆಬ್‌ಸೈಟನ್ನು ಸಹಪಾಠಿ ಅಶ್ವಥ್ ಮಾಡಿದ್ದು, ತಲೆಗೊಂದು ಸಾಲು ಕೊಡುವ ಬದಲು ಐವತ್ತು ಹೆಸರನ್ನೂ ಡೇಟಾಬೇಸಿನ ಒಂದೇ ಖಾನೆಗೆ ತುರುಕಿರುತ್ತಾನೆ. ಪಕ್ಕದ ಖಾನೆಯಲ್ಲಿ ಐವತ್ತು ಊಟ. ಪಟ್ಟಿಯಲ್ಲಿ ಎಷ್ಟನೆಯವರೋ ಅಷ್ಟನೇ ಸೀಟು, ಅಷ್ಟನೇ ಊಟ. ಇದಕ್ಕೆ ಅರೇ ಕಾಲಂ ಎನ್ನುತ್ತಾರಂತೆ. ಹೇಳುವಾಗ ಅವನ ಕಾಲರ್ ಮೇಲಿತ್ತು.

2. ಹೆಸರುಗಳನ್ನು ಓದಿ ಹೇಳಿದವರು ಅವನ ತಾತ ಚೆಲುವಯ್ಯನವರು. ಆಯುಷ್ಯವೆಲ್ಲ ಕಣದಲ್ಲಿ ರಾಗಿ ಅಳೆದವರಾದ ಕಾರಣ, ಮೊದಲ ಅಳತೆಗೆ ಒಂದು ಎನ್ನದೆ “ಲಾಭ” ಎನ್ನುವ ಕಣದ ರೂಢಿಯಂತೆಯೇ ಹೆಸರುಗಳ ಎಣಿಕೆಯನ್ನೂ ಶುರುಮಾಡಿರುತ್ತಾರೆ. ಕೀಬೋರ್ಡಿನಿಂದ ತಲೆಯೆತ್ತದ ಅಶ್ವಥ್ ಎರಡು, ಮೂರುಗಳನ್ನೆಲ್ಲ ಬಿಟ್ಟು, ಲಾಭಳನ್ನು ಮಾತ್ರ ಬಿ ಸೆಕ್ಷನ್ ಹುಡುಗಿಯೆಂದು ಬಗೆದು ಟೈಪಿಸಿರುತ್ತಾನೆ.

3. ಆದಕಾರಣ ಎಲ್ಲರೂ ಒಂದೊಂದು ಸೀಟು ಹಿಂದೆ ಸರಿದು, ಐವತ್ತನೆಯವಳಾದ ಅರ್ಜಿದಾರಳು ಐವತ್ತೇ ಸೀಟಿನ ಬಸ್ಸಿನಿಂದಾಚೆ ಬಿದ್ದಿರುತ್ತಾಳೆ. ಊಟದ ಖಾನೆ ಸರಿಯದ ಕಾರಣ ಮೊದಲನೆಯವನಾಗಿದ್ದ ಅದ್ನಾನನ ಕೋಳಿ ಲಾಭಳಿಗೂ, ಎರಡನೆಯವನಾಗಿದ್ದ ನಟರಾಜುವಿನ ಮೊಸರನ್ನ ಅದ್ನಾನನಿಗೂ ಮಂಜೂರಾಗಿದೆ. ಅದ್ನಾನ್ ಲ್ಯಾಬಿಗೇ ಬಂದು, “ಲೇ ಅಶ್ವಥ್, ನನ್ ಕೋಳಿ ತಿನ್ನೋ ಆ ಲಾಭ ಯಾವಳ್ಲಾ? ಒಸಿ ತೋರ್ಸು” ಎಂದನು. “ನಮ್ ತಾತುನ್ ಕೇಳ್ಲಾ” ಎಂಬುದು ಆರೋಪಿಯ ಹೇಳಿಕೆ.

4. ತಮ್ಮಲ್ಲಿ ವಿಚಾರಿಸಲಾಗಿ, ಮೊಹರು ಬಿದ್ದ ಪಟ್ಟಿ ತಿದ್ದುವಂತಿಲ್ಲ, ಲಾಭ ಖುದ್ದು ಬರೆದುಕೊಟ್ಟರೆ ಮಾತ್ರ ಸೀಟು ಬಿಡಿಸಬಹುದು ಎಂದು ಅಪ್ಪಣೆಯಾಯಿತು. ಬಿ ಸೆಕ್ಷನ್, ಕ್ಯಾಂಟೀನು, ಲೇಡೀಸ್ ರೂಮು ಹುಡುಕಲಾಗಿ ಲಾಭ ಪತ್ತೆಯಿಲ್ಲ.

5. ಮೂರು ವರ್ಷ ಗೋಗರೆದ ಮೇಲೆ ಅರ್ಜಿದಾರಳ ಅವ್ವ ಪ್ರವಾಸಕ್ಕೆ ಕೊಟ್ಟ ಮೊದಲ ಒಪ್ಪಿಗೆ ಇದು: “ಈ ಶನಿವಾರ ಒಂದಪ ಹೋಗ್ಬುಟ್ಟು ಬಾ. ಇನ್ನೊಂದ್ ಸಲ ಕೇಳ್ಬ್ಯಾಡ ಕಣವ್ವ.” ಭಾನುವಾರದಿಂದ ಇದು ಚಾಲ್ತಿಯಲ್ಲಿರುವುದಿಲ್ಲ.

ಆದ್ದರಿಂದ, ಲಗತ್ತಿಸಿದ ಪತ್ರವನ್ನು ಒಪ್ಪಿ, ಒಂದನೇ ಸೀಟನ್ನು ಅರ್ಜಿದಾರಳಿಗೆ ವರ್ಗಾಯಿಸಬೇಕಾಗಿ ಪ್ರಾರ್ಥನೆ. ಕೋಳಿಯನ್ನು ಅದ್ನಾನನಿಗೆ ಹಿಂದಿರುಗಿಸಲು ಅರ್ಜಿದಾರಳ ತಕರಾರಿಲ್ಲ.

ತಮ್ಮ ವಿಶ್ವಾಸಿ, ಸದ್ಯಕ್ಕೆ ನಿಂತೇ ಇರುವ,
ರಾಧಾಮಣಿ

ಲಗತ್ತು:
ಅ) ಅವ್ವನ ಹೆಬ್ಬೆಟ್ಟು.
ಆ) ಸೀಟು ಬಿಟ್ಟುಕೊಟ್ಟು ಲಾಭ ಬರೆದ ಪತ್ರ.

ವಿ.ಸೂ.: ಲಗತ್ತು ‘ಆ’ದ ಅಕ್ಷರವೂ ಈ ಅರ್ಜಿಯ ಅಕ್ಷರವೂ ಒಂದೇ ಥರ ಕಂಡಲ್ಲಿ, ಮೇಡಂ ಅವರು ದಯಮಾಡಿ ಕನ್ನಡಕ ತೆಗೆದು ಓದಬೇಕಾಗಿ ಕೋರಿಕೆ.